ಹಾಲ್ಡೇನ್: ಗಾಜಿನ ಗರ್ಭದ ಕನಸು ಕಂಡವರು, ಮಕ್ಕಳ ಲೆಕ್ಕದ ರಾಜಕೀಯಕ್ಕೆ ಎದುರು ನಿಂತವರು

1923ರ ಫೆಬ್ರವರಿ 4. ಕೇಂಬ್ರಿಡ್ಜ್‌ನಲ್ಲಿ ಹೆರೆಟಿಕ್ಸ್ ಅನ್ನುವ ಒಂದು ವಿದ್ಯಾರ್ಥಿ ಸಂಘ. ಹೆಸರೇ ಹೇಳುವ ಹಾಗೆ, ಧರ್ಮ ದೇವರು ಅಂತ ಯಾವುದಕ್ಕೂ ತಲೆಬಾಗದವರ ಕೂಟ. ಅಲ್ಲಿ ಮೂವತ್ತು ವರ್ಷದ ಒಬ್ಬ ಧಡೂತಿ ವಿಜ್ಞಾನಿ ಎದ್ದು ನಿಂತು ಒಂದು ಪ್ರಬಂಧ ಓದಿದರು. ಅದರ ಒಂದು ಭಾಗ 150 ವರ್ಷ ಆಚೆಗಿನ ಕಾಲೇಜು ಹುಡುಗನೊಬ್ಬ ಬರೆದ ಇತಿಹಾಸದ ಪಾಠದ ರೂಪದಲ್ಲಿತ್ತು. ಆ ಪಾಠದ ಪ್ರಕಾರ ತಾಯಿಯ ಹೊಟ್ಟೆಯ ಹೊರಗೆ ಬೆಳೆದ ಮೊದಲ ಮಗು 1951ರಲ್ಲಿ ಹುಟ್ಟುತ್ತದೆ. 1968ರ ಹೊತ್ತಿಗೆ ಫ್ರಾನ್ಸ್ ಒಂದರಲ್ಲೇ ವರ್ಷಕ್ಕೆ 60,000 ಮಕ್ಕಳು ಹೀಗೆ ಹುಟ್ಟುತ್ತಾರೆ. ಕೊನೆಗೆ ಇಂಗ್ಲೆಂಡಿನಲ್ಲಿ ಹೆಣ್ಣು ಹೆತ್ತ ಮಕ್ಕಳ ಪಾಲು ಶೇ. 30ಕ್ಕಿಂತ ಕೆಳಗಿಳಿಯುತ್ತದೆ.

ಓದಿದವರು ಜೆ.ಬಿ.ಎಸ್. ಹಾಲ್ಡೇನ್. ಮರುವರ್ಷ ಅದು ‘ಡೇಡಲಸ್’ ಅನ್ನುವ ಸಣ್ಣ ಪುಸ್ತಕವಾಗಿ ಬಂತು. ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಓದಿದವರಿಗೆ ಅದರ ಮೊದಲ ಅಧ್ಯಾಯ ನೆನಪಿರುತ್ತೆ: ಬಾಟಲಿಗಳಲ್ಲಿ ಭ್ರೂಣ, ಸಾಲುಸಾಲು ಕಾರ್ಖಾನೆ. ಆ ಬಾಟಲಿಯ ಮೂಲ ಇಲ್ಲಿದೆ.

ಆದರೆ ‘ಡೇಡಲಸ್’ ಬಗ್ಗೆ ಮಾತಾಡುವವರು ಒಂದು ಸಂಗತಿಯನ್ನ ಹಾರಿಸಿಬಿಡ್ತಾರೆ. ಬಾಟಲಿ ಯಾಕೆ ಬೇಕಾಯಿತು ಅಂತ ಆ ಹುಡುಗ ಕಾರಣವನ್ನೂ ಕೊಡುತ್ತಾನೆ. ಸಮಾಜದ ‘ಅಷ್ಟೇನೂ ಬೇಡದ’ ಜನ ಹೆಚ್ಚು ಹೆರುತ್ತಿದ್ದರು, ‘ಬೇಕಾದವರು’ ಕಡಿಮೆ ಹೆರುತ್ತಿದ್ದರು. ಈ ತಂತ್ರ ಬರದೇ ಹೋಗಿದ್ದರೆ ನಾಗರಿಕತೆಯೇ ಕುಸಿದು ಹೋಗ್ತಿತ್ತು, ಈಗ ಆಯ್ದ ಕೆಲವೇ ಗಂಡು ಹೆಣ್ಣುಗಳು ಮುಂದಿನ ಪೀಳಿಗೆಗೆ ಪೂರ್ವಜರಾಗುತ್ತಾರೆ ಅನ್ನೋದು ಅವನ ವಾದ. ಅದು ಕಲ್ಪಿತ ಪಾತ್ರದ ಮಾತು ನಿಜ. ಆದರೆ ಆಗಿನ ಇಂಗ್ಲೆಂಡಿನ ಓದಿದ ವರ್ಗದ ನಿತ್ಯದ ಹರಟೆಯೂ ಅದೇ ಆಗಿತ್ತು. ಯಾರು ಜಾಸ್ತಿ ಹೆರ್ತಿದಾರೆ, ಯಾರು ಕಡಿಮೆ ಹೆರ್ತಿದಾರೆ ಅಂತ. ಕೇಳಿದ ಹಾಗಿದೆಯಲ್ಲ?

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡ್‌ನಲ್ಲಿ. ಅಪ್ಪ ಜಾನ್ ಸ್ಕಾಟ್ ಹಾಲ್ಡೇನ್ ಹೆಸರಾಂತ ಶರೀರವಿಜ್ಞಾನಿ. ಕಲ್ಲಿದ್ದಲ ಗಣಿಗಳಲ್ಲಿ ಕಾರ್ಮಿಕರನ್ನ ಕೊಲ್ಲುವ ಅನಿಲಗಳು ಯಾವುವು ಅಂತ ಪತ್ತೆ ಹಚ್ಚೋದು ಅವರ ಕೆಲಸ. ಮಗನನ್ನೂ ಗಣಿಗೆ ಇಳಿಸುತ್ತಿದ್ದರು. ಒಂದು ಸಲ ಮೀಥೇನ್ ತುಂಬಿದ್ದ ಜಾಗದಲ್ಲಿ ಹುಡುಗನನ್ನ ನಿಲ್ಲಿಸಿ ಶೇಕ್ಸ್‌ಪಿಯರ್ ನಾಟಕದ ಮಾರ್ಕ್ ಆಂಟನಿಯ ಭಾಷಣ ಹೇಳು ಅಂದರಂತೆ. ಹೇಳ್ತಾ ಹೇಳ್ತಾ ಏದುಸಿರು ಬಂದು ಹುಡುಗ ಕುಸಿದ. ನೆಲದ ಹತ್ತಿರ ಬಿದ್ದ ಮೇಲೆ ಸಲೀಸಾಗಿ ಉಸಿರಾಡಿದ. ಮೀಥೇನ್ ಗಾಳಿಗಿಂತ ಹಗುರ, ಮೇಲೇ ಇರುತ್ತೆ ಅನ್ನುವ ಪಾಠ ಹೀಗಾಯಿತು. ಪ್ರಯೋಗಕ್ಕೆ ಮೊದಲು ತನ್ನ ಮೈಯನ್ನೇ ಒಡ್ಡಬೇಕು ಅನ್ನುವ ಚಾಳಿಯೂ ಅಪ್ಪನಿಂದಲೇ ಬಂತು. ಮುಂದೆ ಹಾಲ್ಡೇನ್ ಒತ್ತಡದ ಕೋಣೆಗಳಲ್ಲಿ ಕೂತು ಕಿವಿಯ ತಮಟೆ ಹರಿದುಕೊಂಡರು, ಫಿಟ್ಸ್ ಬರಿಸಿಕೊಂಡು ಬೆನ್ನುಮೂಳೆ ಜಖಂ ಮಾಡಿಕೊಂಡರು.

ಮನೆಯ ಹಿತ್ತಲಲ್ಲಿ ತಂಗಿ ನವೋಮಿ ಗಿನಿಪಿಗ್ ಸಾಕುತ್ತಿದ್ದಳು. ಅಣ್ಣ ತಂಗಿ ಸೇರಿ ಅವುಗಳ ಬಣ್ಣ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುತ್ತೆ ಅಂತ ನೋಡಲು ಶುರು ಮಾಡಿದರು. ಆಮೇಲೆ ಇಲಿಗಳ ಮೇಲೆ ಅದೇ ಪ್ರಯೋಗ. 1915ರಲ್ಲಿ ಪ್ರಬಂಧ ಅಚ್ಚಾಯಿತು. ಅದರಲ್ಲಿ ಮೂರು ಹೆಸರುಗಳಿವೆ: ಹಾಲ್ಡೇನ್, ನವೋಮಿ ಮತ್ತು ಸ್ಪ್ರಂಟ್ ಅನ್ನುವ ಗೆಳೆಯ. ಸ್ಪ್ರಂಟ್ ಆ ಹೊತ್ತಿಗಾಗಲೇ ಮಹಾಯುದ್ಧದಲ್ಲಿ ಸತ್ತಿದ್ದರು. ಹಾಲ್ಡೇನ್ ಕೂಡ ಬ್ಲ್ಯಾಕ್ ವಾಚ್ ರೆಜಿಮೆಂಟಿನಲ್ಲಿ ಅಧಿಕಾರಿಯಾಗಿ ಕಂದಕದಲ್ಲಿದ್ದರು. ಫ್ರಾನ್ಸ್‌ನಲ್ಲಿ ಒಮ್ಮೆ, ಮೆಸೊಪೊಟೇಮಿಯಾದಲ್ಲಿ ಇನ್ನೊಮ್ಮೆ ಗಾಯಗೊಂಡರು. ಎರಡನೇ ಸಲ ಚೇತರಿಸಿಕೊಳ್ಳಲು ಕಳಿಸಿದ್ದು ಭಾರತಕ್ಕೆ. ಈ ದೇಶ ಇಷ್ಟವಾಯಿತು, ಆದರೆ ಇಲ್ಲಿನವರ ಜೊತೆ ಸರಿಸಮನಾಗಿ ಕೂರಲು ಬಿಡದ ಆಡಳಿತ ಹಿಡಿಸಲಿಲ್ಲ. ಈ ಭೇಟಿಯ ನೆನಪು ಮನಸ್ಸಲ್ಲಿ ಉಳಿಯಿತು. ಅದಕ್ಕೆ ಮತ್ತೆ ಬರ್ತೀನಿ.

‘ಡೇಡಲಸ್’ ಓದಿದವರಲ್ಲಿ ಶಾರ್ಲಟ್ ಬರ್ಗಿಸ್ ಅನ್ನುವ ಪತ್ರಕರ್ತೆಯೂ ಇದ್ದರು. ತಾವು ಬರೆಯುತ್ತಿದ್ದ ಭವಿಷ್ಯದ ಕಾದಂಬರಿಗೆ ಮಾಹಿತಿ ಬೇಕು ಅಂತ ಹಾಲ್ಡೇನ್ ಅವರನ್ನ ಹುಡುಕಿಕೊಂಡು ಬಂದರು. ಇಬ್ಬರಿಗೂ ಪ್ರೀತಿಯಾಯಿತು. ಆಕೆಗೆ ಆಗಲೇ ಮದುವೆಯಾಗಿತ್ತು, ಒಬ್ಬ ಮಗನಿದ್ದ. ಗಂಡ ವಿಚ್ಛೇದನದ ಮೊಕದ್ದಮೆ ಹೂಡಿದ. ಪತ್ರಿಕೆಗಳಿಗೆ ಹಬ್ಬ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನೀತಿಪಾಲಕರ ಸಮಿತಿ ಅನೈತಿಕತೆಯ ಆರೋಪ ಹೊರಿಸಿ ಹಾಲ್ಡೇನ್ ಅವರನ್ನ ಕೆಲಸದಿಂದ ತೆಗೆದುಹಾಕಿತು. ಅವರು ಮೇಲ್ಮನವಿ ಹೋಗಿ ಗೆದ್ದರು. 1926ರಲ್ಲಿ ಮದುವೆಯೂ ಆಯಿತು, ಶಾರ್ಲಟ್ ಅವರ ‘ಮ್ಯಾನ್ಸ್ ವರ್ಲ್ಡ್’ ಕೂಡ ಪ್ರಕಟವಾಯಿತು.

ಈ ಕಾದಂಬರಿ ಈಗ ಹೆಚ್ಚು ಜನಕ್ಕೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಹಕ್ಸ್‌ಲಿಗಿಂತ ಚೂಪಾದ ಪ್ರಶ್ನೆ ಕೇಳೋದು ಇದೇ. ಅಲ್ಲಿ ಆಳೋದು ಗಂಡು ವಿಜ್ಞಾನಿಗಳು. ಮಗು ಗಂಡೋ ಹೆಣ್ಣೋ ಅನ್ನೋದನ್ನ ಮೊದಲೇ ನಿರ್ಧರಿಸುವ ವಿಧಾನ ಸಿಕ್ಕಿದೆ. ಹೆಂಗಸರು ಎರಡು ಬಗೆ: ಹೆರುವುದನ್ನೇ ವೃತ್ತಿಯಾಗಿ ಮಾಡಿಕೊಂಡ ತಾಯಂದಿರು, ಮತ್ತು ಹೆರದ ಹಾಗೆ ಮಾಡಲಾದವರು. ಯಾರಿಗೂ ಚಾಟಿಯೇಟಿಲ್ಲ, ಎಲ್ಲವೂ ಗೌರವದಿಂದಲೇ ನಡೆಯುತ್ತದೆ. ಗಂಡ ಬರೀ ಮೂರು ವರ್ಷದ ಹಿಂದೆ ಖುಷಿಯಲ್ಲಿ ಬರೆದ ಕನಸಿನ ಮನೆಯೊಳಗೆ ಹೆಂಡತಿ ಹೊಕ್ಕು, ಇಲ್ಲಿ ನಾನು ಎಲ್ಲಿ ಕೂರಲಿ ಅಂತ ಕೇಳಿದ ಹಾಗಿದೆ.

ಇದೇ ವರ್ಷಗಳಲ್ಲಿ ಹಾಲ್ಡೇನ್ ತಮ್ಮ ಬದುಕಿನ ದೊಡ್ಡ ಕೆಲಸ ಮಾಡ್ತಿದ್ದರು. 1924ರಿಂದ ಒಂದಾದ ಮೇಲೊಂದು ಪ್ರಬಂಧ. ಡಾರ್ವಿನ್‌ನ ನೈಸರ್ಗಿಕ ಆಯ್ಕೆಯನ್ನ ಗಣಿತಕ್ಕೆ ಇಳಿಸುವ ಸರಣಿ ಅದು. ಮ್ಯಾಂಚೆಸ್ಟರ್ ಸುತ್ತ ಒಂದು ಪತಂಗ ಇತ್ತು, ಬಿಳಿ ರೆಕ್ಕೆಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ. 1848ರಲ್ಲಿ ಅಲ್ಲಿ ಒಂದು ಕಪ್ಪು ಪತಂಗ ಕಂಡದ್ದು ದಾಖಲಾಯಿತು. ಶತಮಾನ ಮುಗಿಯುವಷ್ಟರಲ್ಲಿ ಕಾರ್ಖಾನೆಯ ಮಸಿ ಹಿಡಿದ ಆ ಊರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಕಪ್ಪೇ. ಐವತ್ತೇ ವರ್ಷದಲ್ಲಿ ಇಷ್ಟು ಬದಲಾಗಬೇಕಾದರೆ ಕಪ್ಪು ಪತಂಗ ಬಿಳಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಸಂತಾನ ಉಳಿಸಿರಬೇಕು ಅಂತ ಹಾಲ್ಡೇನ್ ಲೆಕ್ಕ ಹಾಕಿ ತೋರಿಸಿದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಈ ಗಣಿತದಲ್ಲಿ ‘ಫಿಟ್‌ನೆಸ್’ ಅಂದರೆ ಏನು? ಶಕ್ತಿ ಅಲ್ಲ, ಬುದ್ಧಿ ಅಲ್ಲ, ಕುಲವಂತೂ ಅಲ್ಲವೇ ಅಲ್ಲ. ಮುಂದಿನ ಪೀಳಿಗೆಗೆ ಎಷ್ಟು ಮಕ್ಕಳು ಉಳಿದರು ಅನ್ನುವ ಎಣಿಕೆ ಅಷ್ಟೇ. ಕಪ್ಪು ಪತಂಗ ಬಿಳಿಯದಕ್ಕಿಂತ ‘ಒಳ್ಳೆಯದು’ ಅಲ್ಲ, ಮಸಿ ಹಿಡಿದ ಮರದ ಮೇಲೆ ಹಕ್ಕಿಯ ಕಣ್ಣಿಗೆ ಬೀಳಲಿಲ್ಲ. ಈಗ ಯೂಜೆನಿಕ್ಸ್ ವಾದಿಗಳ ಅಳಲನ್ನ ಈ ಲೆಕ್ಕದ ಪಕ್ಕ ಇಡಿ. ‘ಅನರ್ಹ’ರು ಹೆಚ್ಚು ಹೆರ್ತಿದಾರೆ ಅಂತ ಅವರ ದೂರು. ಡಾರ್ವಿನ್ ಲೆಕ್ಕದಲ್ಲಿ ಹೆಚ್ಚು ಹೆತ್ತು ಉಳಿಸಿಕೊಂಡವರೇ ಅರ್ಹರು! ಅಂದರೆ ‘ಅನರ್ಹ’ ಅನ್ನುವ ಪದ ಜೀವಶಾಸ್ತ್ರದಿಂದ ಬಂದದ್ದಲ್ಲ. ಅದನ್ನ ವರ್ಗ, ಬಣ್ಣ, ಅಂತಸ್ತಿನ ಮನೆಯಿಂದ ತಂದು ವಿಜ್ಞಾನದ ಕೋಟು ಹಾಕಿಸಿದ್ದು.

1932ರಲ್ಲಿ ಆ ಗಣಿತವನ್ನೆಲ್ಲ ಒಟ್ಟುಮಾಡಿದ ಪುಸ್ತಕ ‘ದಿ ಕಾಸಸ್ ಆಫ್ ಎವಲ್ಯೂಷನ್’ ಬಂತು. ತನಗೆ ನಷ್ಟವಾದರೂ ಬಂಧುಬಳಗಕ್ಕೆ ಲಾಭವಾಗುವ ಗುಣ ಹೇಗೆ ಉಳಿಯುತ್ತೆ ಅನ್ನುವ ಪ್ರಶ್ನೆ ಅದರಲ್ಲಿದೆ, ಜೇನುಹುಳದ ಉದಾಹರಣೆಯೂ ಇದೆ. ಕೆಲಸಗಾರ ಜೇನು ತಾನು ಹೆರದೆ ದುಡಿದು ಸಾಯುತ್ತೆ. ಆದರೆ ಅದರ ರಕ್ತಸಂಬಂಧ ತಾಯಿ ರಾಣಿಯ ಮೂಲಕ, ಒಡಹುಟ್ಟಿದವರ ಮೂಲಕ ಮುಂದುವರಿಯುತ್ತೆ. ಅದೇ 1932ರಲ್ಲಿ ಹಕ್ಸ್‌ಲಿಯ ಕಾದಂಬರಿಯೂ ಬಂತು. ಹಕ್ಸ್‌ಲಿ ಹೊರಗಿನವರೇನಲ್ಲ. ಮಹಾಯುದ್ಧದ ಕಾಲದಲ್ಲಿ ಹಾಲ್ಡೇನ್ ಅವರ ಆಕ್ಸ್‌ಫರ್ಡ್ ಮನೆಯಲ್ಲೇ ಇದ್ದು ಓದಿದವರು. 1923ರ ತಮ್ಮ ‘ಆಂಟಿಕ್ ಹೇ’ ಕಾದಂಬರಿಯಲ್ಲಿ ಹಾಲ್ಡೇನ್ ಅವರನ್ನೇ ಹೋಲುವ ವಿಜ್ಞಾನಿಯೊಬ್ಬನನ್ನ ತಮಾಷೆ ಮಾಡಿದ್ದರು ಕೂಡ.

‘ಬ್ರೇವ್ ನ್ಯೂ ವರ್ಲ್ಡ್’ ಜೇನುಗೂಡಿನ ಚಿತ್ರ ಅಂತ ಹೇಳೋದುಂಟು. ಮೇಲುನೋಟಕ್ಕೆ ಹೌದು: ಐದು ಜಾತಿ, ಪ್ರತಿ ಜಾತಿಗೂ ಗೊತ್ತುಮಾಡಿದ ಕೆಲಸ, ಒಂದೇ ಮೊಟ್ಟೆಯಿಂದ 96ರವರೆಗೆ ಒಂದೇ ಅಚ್ಚಿನ ಮಕ್ಕಳು, ಹೆಣ್ಣು ಭ್ರೂಣಗಳಲ್ಲಿ ಶೇ. 70ನ್ನ ಬಂಜೆಯಾಗಿಸುವ ಪದ್ಧತಿ. ಆದರೆ ವಿಕಾಸದ ಲೆಕ್ಕ ಹಿಡಿದು ನೋಡಿದರೆ ಅದು ಜೇನುಗೂಡು ಅಲ್ಲವೇ ಅಲ್ಲ. ಜೇನಿನಲ್ಲಿ ಬಂಜೆತನದ ಹಿಂದೆ ಬಂಧುತ್ವ ಇದೆ. ಹಕ್ಸ್‌ಲಿಯ ಲಂಡನ್‌ನಲ್ಲಿ ಯಾರಿಗೂ ಬಂಧುಗಳೇ ಇಲ್ಲ. ಅಪ್ಪ ಅಮ್ಮ ಅನ್ನೋದು ನಾಚಿಕೆಯ ಮಾತು. ಮೇಲ್ಜಾತಿಯ ಆಲ್ಫಾಗೂ ತನ್ನದು ಅನ್ನುವ ಮಗು ಇಲ್ಲ. ಅಂಡಾಶಯ ತೆಗೆಸಿಕೊಂಡ ಹೆಣ್ಣಿಗೆ ಆರು ತಿಂಗಳ ಸಂಬಳ ಬೋನಸ್, ಅಲ್ಲಿಗೆ ಸಂಬಂಧ ಮುಗಿಯಿತು. ಅದು ಜೇನುಗೂಡಲ್ಲ, ಡೈರಿ ಫಾರ್ಮು. ಬಂಜೆ ಹೆಂಗಸರಿಗೆ ಹಕ್ಸ್‌ಲಿ ಇಟ್ಟ ‘ಫ್ರೀಮಾರ್ಟಿನ್’ ಅನ್ನುವ ಹೆಸರೂ ದನ ಸಾಕುವವರದ್ದೇ. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿ ಗಬ್ಬ ಕಟ್ಟದ ಹಸುವಿಗೆ ಹಾಗಂತಾರೆ. ಹಾಲ್ಡೇನ್ ತಮ್ಮ ಗಣಿತದ ಸರಣಿಗೆ ಇಟ್ಟ ಶೀರ್ಷಿಕೆಯಲ್ಲಿ ನೈಸರ್ಗಿಕ ಆಯ್ಕೆಯ ಜೊತೆಗೆ ಕೃತಕ ಆಯ್ಕೆಯೂ ಇತ್ತು. ಡಿಸ್ಟೋಪಿಯಾ ಹುಟ್ಟೋದು ಈ ಎರಡನೆಯದರಲ್ಲಿ. ಪ್ರಕೃತಿಗೆ ಇಂಥದ್ದೇ ಮಗು ಬೇಕು ಅನ್ನುವ ಗುರಿ ಇಲ್ಲ, ಫಾರ್ಮಿನ ಮಾಲೀಕನಿಗೆ ಇರುತ್ತೆ.

ಮರುವರ್ಷ ಇದು ಕಾದಂಬರಿಯಲ್ಲಿ ಮಾತ್ರ ಉಳಿಯಲಿಲ್ಲ. 1933ರ ಜುಲೈನಲ್ಲಿ ಹಿಟ್ಲರ್ ಸರ್ಕಾರ ಆನುವಂಶಿಕ ಕಾಯಿಲೆ ಇದೆ ಅಂತ ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಮಾಡುವ ಕಾನೂನು ತಂದಿತು. ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಥ ಕಾನೂನು ಮೊದಲೇ ಇತ್ತು, ಅಲ್ಲಿನ ಸುಪ್ರೀಂ ಕೋರ್ಟ್ 1927ರಲ್ಲಿ ಅದನ್ನ ಎತ್ತಿಹಿಡಿದಿತ್ತು. ಈ ಹೊತ್ತಿಗೆ ಹಾಲ್ಡೇನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರ್. ಜರ್ಮನಿಯಿಂದ ಓಡಿಬಂದ ವಿಜ್ಞಾನಿಗಳಿಗೆ ಜಾಗ ಹುಡುಕಿಕೊಡುವವರಲ್ಲಿ ಒಬ್ಬರು. ಹತ್ತು ವರ್ಷದ ಹಿಂದಿನ ‘ಬೇಡದವರ’ ಮಾತು ಸರ್ಕಾರಿ ಆದೇಶವಾದಾಗ ಹೇಗಿರುತ್ತೆ ಅನ್ನೋದನ್ನ ಅವರು ನೋಡಿದರು. 1938ರಲ್ಲಿ ಬಂದ ‘ಹೆರಿಡಿಟಿ ಅಂಡ್ ಪಾಲಿಟಿಕ್ಸ್’ನಲ್ಲಿ ಬಲವಂತದ ಸಂತಾನಹರಣದ ವಾದವನ್ನೂ ಜನಾಂಗ ಶ್ರೇಷ್ಠತೆಯ ವಾದವನ್ನೂ ತಳಿಶಾಸ್ತ್ರದ ಆಧಾರದಲ್ಲೇ ಬಿಡಿಸಿಟ್ಟರು.

ಆ ಗಣಿತವನ್ನ ನಾವೂ ಮಾಡಬಹುದು. ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ ಒಂದಿದೆ ಅಂದುಕೊಳ್ಳಿ. ಅದು 10,000ದಲ್ಲಿ ಒಬ್ಬರಿಗೆ ಇದೆ. ಹಾಗಾದರೆ ಆ ಜೀನನ್ನ ಗೊತ್ತಿಲ್ಲದೆ ಹೊತ್ತು ಆರೋಗ್ಯವಾಗಿರುವವರು 100ರಲ್ಲಿ ಸುಮಾರು ಇಬ್ಬರು. ಕಾಯಿಲೆ ಇರುವ ಪ್ರತಿಯೊಬ್ಬರಿಗೂ, ಪ್ರತಿ ಪೀಳಿಗೆಯಲ್ಲೂ ಸಂತಾನ ಆಗದ ಹಾಗೆ ಮಾಡಿದರೂ ಕಾಯಿಲೆ ಅರ್ಧಕ್ಕೆ ಇಳಿಯಲು ಸುಮಾರು 41 ಪೀಳಿಗೆ ಬೇಕು. ಅಂದರೆ ಸಾವಿರ ವರ್ಷ! ಅಷ್ಟು ಕ್ರೌರ್ಯಕ್ಕೆ ಇಷ್ಟೇ ಫಲ. ನೈತಿಕತೆಯ ಪ್ರಶ್ನೆ ಎತ್ತುವ ಮೊದಲೇ ಆ ನೀತಿ ಅಂಕಿಯಲ್ಲಿ ಸೋಲುತ್ತೆ.

ಸ್ಪೇನ್ ಅಂತರ್ಯುದ್ಧಕ್ಕೆ ಹೋಗಿ ಬಾಂಬ್ ದಾಳಿ ಕಣ್ಣಾರೆ ಕಂಡರು, ಬಂದು ಲಂಡನ್ ಜನಕ್ಕೆ ನೆಲಮಾಳಿಗೆ ಆಶ್ರಯ ಕೊಡಿ ಅಂತ ಸರ್ಕಾರದ ಜೊತೆ ಜಗಳಾಡಿದರು. ಕಮ್ಯುನಿಸ್ಟ್ ಪತ್ರಿಕೆ ‘ಡೈಲಿ ವರ್ಕರ್’ನಲ್ಲಿ ಕಾರ್ಮಿಕರಿಗಾಗಿ ವಿಜ್ಞಾನದ ಅಂಕಣ ಬರೆದರು. 1939ರಲ್ಲಿ ಥೆಟಿಸ್ ಅನ್ನುವ ಜಲಾಂತರ್ಗಾಮಿ ಮುಳುಗಿ 99 ಜನ ಸತ್ತಾಗ, ಅವರು ಹೇಗೆ ಸತ್ತರು ಅಂತ ತಿಳಿಯಲು ಉಕ್ಕಿನ ಪೆಟ್ಟಿಗೆಯೊಳಗೆ ತಾವೇ ಕೂತರು. 1942ರಲ್ಲಿ ಪಕ್ಷದ ಸದಸ್ಯತ್ವ ತಗೊಂಡರು.

ಇದೇ ಮನುಷ್ಯ 1948ರಲ್ಲಿ ಎಡವಿದ್ದನ್ನ ಮುಚ್ಚಿಡಬಾರದು. ಸೋವಿಯತ್ ಒಕ್ಕೂಟದಲ್ಲಿ ಲೈಸೆಂಕೊ ತಳಿಶಾಸ್ತ್ರವನ್ನೇ ಬೂರ್ಜ್ವಾ ಸುಳ್ಳು ಅಂತ ಸಾರಿದ, ಸ್ಟಾಲಿನ್ ಬೆನ್ನಿಗೆ ನಿಂತ. 1928ರಲ್ಲಿ ಹಾಲ್ಡೇನ್ ಅವರನ್ನ ಮಾಸ್ಕೋಗೆ ಆಹ್ವಾನಿಸಿದ್ದ ವಾವಿಲೋವ್ 1943ರಲ್ಲೇ ಸೆರೆಮನೆಯಲ್ಲಿ ಸತ್ತಿದ್ದರು. ಬಿಬಿಸಿಯಲ್ಲಿ ಇತರ ವಿಜ್ಞಾನಿಗಳು ಲೈಸೆಂಕೊನನ್ನ ಖಂಡಿಸಿದಾಗ ಹಾಲ್ಡೇನ್ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಸುಳ್ಳು ಅಂತ ಅವರಷ್ಟು ಚೆನ್ನಾಗಿ ಗೊತ್ತಿದ್ದವರು ಕಡಿಮೆ. ಪಕ್ಷದಿಂದ ದೂರವಾದದ್ದು 1950ರ ಸುಮಾರಿಗೆ, ಅದೂ ಸದ್ದಿಲ್ಲದೆ. ನಾಜಿ ಸುಳ್ಳಿನ ಎದುರು ಗುಡುಗಿದ ದನಿ, ತನ್ನವರ ಸುಳ್ಳಿನ ಎದುರು ತಗ್ಗಿತು. ನಮ್ಮ ಪಾಳಯದವರು ಅನ್ನುವ ಕಾರಣಕ್ಕೆ ಸುಮ್ಮನಿದ್ದ ಅನುಭವ ಇರುವ ಯಾರಿಗೂ ಇದು ಪೂರ್ತಿ ಅಪರಿಚಿತ ಅಲ್ಲ.

1957ರಲ್ಲಿ ಹಾಲ್ಡೇನ್ ಮತ್ತು ಅವರ ಎರಡನೇ ಪತ್ನಿ, ಜೀವಶಾಸ್ತ್ರಜ್ಞೆ ಹೆಲೆನ್ ಸ್ಪರ್ವೆ ಭಾರತಕ್ಕೆ ಬಂದು ನೆಲೆಸಿದರು. ಸೂಯೆಜ್ ಮೇಲೆ ಬ್ರಿಟನ್ ಮಾಡಿದ ದಾಳಿಯನ್ನ ಕಾರಣವಾಗಿ ಕೊಟ್ಟರು. ಕಾಲುಚೀಲ ಹಾಕೋ ಕಷ್ಟ ಇನ್ನಿಲ್ಲ ಅಂತಲೂ ತಮಾಷೆ ಮಾಡಿದರು. ಮಹಾಲನೋಬಿಸ್ ಅವರ ಕರೆಯ ಮೇರೆಗೆ ಕಲ್ಕತ್ತಾದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಮಾಂಸ ಬಿಟ್ಟರು, ಜುಬ್ಬಾ ತೊಟ್ಟರು, ಭಾರತದ ಪೌರರಾದರು. ದುಬಾರಿ ಯಂತ್ರ ಇಲ್ಲ ಅಂತ ಕೊರಗುವ ಹುಡುಗರಿಗೆ ಹೂವಿನ ಎಸಳು ಎಣಿಸಿ, ತೆಂಗಿನ ಗರಿಗಳ ಸುತ್ತು ಎಡಕ್ಕೋ ಬಲಕ್ಕೋ ನೋಡಿ ಅಂತ ದಾರಿ ತೋರಿಸಿದರು. ಅವರ ಶಿಷ್ಯ ಕೃಷ್ಣ ದ್ರೋಣಮರಾಜು ಆಂಧ್ರದ ಹಳ್ಳಿಗಳಲ್ಲಿ ಸೋದರಮಾವ ಅಕ್ಕನ ಮಗಳನ್ನ ಮದುವೆಯಾಗುವ ಪದ್ಧತಿಯನ್ನ ಅಧ್ಯಯನ ಮಾಡಿದರು. ಅದು ಕರ್ನಾಟಕದ ಎಷ್ಟೋ ಮನೆಗಳ ಪದ್ಧತಿಯೂ ಹೌದು. ಲೆಕ್ಕದಲ್ಲಿ ಅಂಥ ದಂಪತಿಯ ಮಗುವಿಗೆ ಒಂದೇ ಪೂರ್ವಜರ ಒಂದೇ ಜೀನು ಎರಡೂ ಕಡೆಯಿಂದ ಬರುವ ಸಾಧ್ಯತೆ ಎಂಟರಲ್ಲಿ ಒಂದು. ಎಣಿಸಿ ತಿಳಿದುಕೊಳ್ಳೋಣ ಅನ್ನೋದು ಇಲ್ಲಿನ ದಾರಿ, ಇಂಥವರು ಹೆರಬಾರದು ಅಂತ ಫರ್ಮಾನು ಹೊರಡಿಸುವುದಲ್ಲ.

ಹಾಗಂತ ಹಳೇ ಕನಸು ಪೂರ್ತಿ ಬಿಟ್ಟುಹೋಗಿತ್ತಾ? ಇಲ್ಲ. 1962ರಲ್ಲಿ ಲಂಡನ್ನಿನ ಸೀಬಾ ಫೌಂಡೇಷನ್ನಿನ ಸಭೆಗೆಂದು ಮುಂದಿನ ಹತ್ತು ಸಾವಿರ ವರ್ಷದ ಮನುಷ್ಯನ ಬಗ್ಗೆ ಹಾಲ್ಡೇನ್ ಬರೆದರು. ಅಪರೂಪದ ಸಾಧಕರನ್ನ ಕ್ಲೋನ್ ಮಾಡಬಹುದು, ಹೆಚ್ಚಿನವರನ್ನ 50 ದಾಟಿದ ಮೇಲೆ ಆರಿಸಬೇಕು ಅಂದರು. ಮನುಷ್ಯರ ವಿಷಯದಲ್ಲಿ ‘ಕ್ಲೋನ್’ ಅನ್ನುವ ಪದ ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಗುರುತ್ವ ಕಡಿಮೆ ಇರುವ ಕಡೆಗೆ ಗಿಬ್ಬನ್ ಕೋತಿಯಂಥ ಹಿಡಿಯುವ ಪಾದ ಇರುವವರು ಮೇಲು ಅಂತಲೂ ಯೋಚಿಸಿದರು. ಯಾರು ಆರಿಸಬೇಕು ಅನ್ನುವ ಪ್ರಶ್ನೆಗೆ ಅವರ ಬಳಿ ಕೊನೆಗೂ ನಂಬುವಂಥ ಉತ್ತರ ಇರಲಿಲ್ಲ ಅಂತ ನನಗನ್ನಿಸುತ್ತೆ. ಈಗ ನಮ್ಮ ನೆರೆರಾಜ್ಯಗಳ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳ ಬಗ್ಗೆ ಮಾತಾಡ್ತಾರೆ, ಲೋಕಸಭಾ ಸೀಟು ಕೈತಪ್ಪುವ ಭಯಕ್ಕೆ. ಇನ್ನೊಂದು ಕಡೆ ‘ಅವರ’ ಮಕ್ಕಳ ಸಂಖ್ಯೆ ಎಣಿಸುವ ಭಾಷಣಗಳು. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7 ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಆ 1.7ರ ಹಿಂದಿರುವ ಹೆಂಗಸನ್ನ ಕೇಳಿದವರು ಯಾರು? ಶಾರ್ಲಟ್ ಕಾದಂಬರಿ ಬರೆದು ಆಗಲೇ ನೂರು ವರ್ಷವಾಗ್ತಾ ಬಂತು.

ಕಲ್ಕತ್ತಾದ ಸಂಸ್ಥೆಯಲ್ಲಿ ಮನಸ್ತಾಪವಾಗಿ ಹೊರಬಂದ ಹಾಲ್ಡೇನ್, ಬಿಜು ಪಟ್ನಾಯಕ್ ಸರ್ಕಾರದ ಬೆಂಬಲದಿಂದ ಭುವನೇಶ್ವರದಲ್ಲಿ ಪ್ರಯೋಗಾಲಯ ಕಟ್ಟಿದರು. ಗುದನಾಳದ ಕ್ಯಾನ್ಸರ್ ಬಂತು. ಅದರ ಬಗ್ಗೆಯೂ ನಗೆಪದ್ಯ ಬರೆದರು, ತಮ್ಮ ಶ್ರದ್ಧಾಂಜಲಿಯನ್ನ ಬಿಬಿಸಿಗೆ ತಾವೇ ರೆಕಾರ್ಡ್ ಮಾಡಿಕೊಟ್ಟರು. 1964ರ ಡಿಸೆಂಬರ್ 1ರಂದು ತೀರಿಕೊಂಡರು. ಅವರ ಇಚ್ಛೆಯಂತೆ ದೇಹ ಆಂಧ್ರದ ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ ಹೋಯಿತು.

ಅವರಿಗೆ ಮಕ್ಕಳಿರಲಿಲ್ಲ. ಅವರದೇ ಗಣಿತದಲ್ಲಿ ಫಿಟ್‌ನೆಸ್ ಸೊನ್ನೆ. ಆದರೆ 1955ರಲ್ಲಿ ಅವರು ಒಂದು ಲೇಖನದಲ್ಲಿ ಹೊಳೆಗೆ ಬಿದ್ದ ಮಗುವನ್ನ ಉಳಿಸಲು ಜೀವ ಪಣಕ್ಕಿಡುವ ಗುಣದ ಲೆಕ್ಕ ಹಾಕಿದ್ದರು: ತನ್ನ ಮಗುವೋ ಒಡಹುಟ್ಟಿದವರೋ ಆದರೆ ಆ ಗುಣ ಉಳಿಯುತ್ತೆ, ದೂರದ ನೆಂಟರಾದರೆ ಕಷ್ಟ. ಅವರು ಸತ್ತ ವರ್ಷವೇ ಡಬ್ಲ್ಯು.ಡಿ. ಹ್ಯಾಮಿಲ್ಟನ್ ಅದನ್ನ ಪೂರ್ಣ ಸಿದ್ಧಾಂತ ಮಾಡಿದರು. ತಂಗಿ ನವೋಮಿ ಮಿಚಿಸನ್ ಅವರ ಮೂವರು ಗಂಡುಮಕ್ಕಳು ಜೀವವಿಜ್ಞಾನದಲ್ಲಿ ಪ್ರೊಫೆಸರ್‌ಗಳಾದರು. ಆಕೆ 101 ವರ್ಷ ಬದುಕಿ 1999ರಲ್ಲಿ ತೀರಿಕೊಂಡರು. ಅಣ್ಣ ಹೋಗಿ ಹನ್ನೊಂದು ವರ್ಷದ ಮೇಲೆ, 1975ರಲ್ಲಿ, ‘ಸೊಲ್ಯೂಷನ್ ತ್ರೀ’ ಅನ್ನುವ ಕಾದಂಬರಿ ಬರೆದರು. ಅದರಲ್ಲಿ ಜಗತ್ತು ಶಾಂತವಾಗಿದೆ, ಜಗಳವಿಲ್ಲ, ಶ್ರೇಷ್ಠರಾದ ಇಬ್ಬರ ಕ್ಲೋನ್‌ಗಳನ್ನ ಹೆತ್ತು ಸಾಕುವುದಕ್ಕೆಂದೇ ತಾಯಂದಿರಿದ್ದಾರೆ. ಹೊತ್ತು ಬಂದಾಗ ಮಗುವನ್ನ ವ್ಯವಸ್ಥೆಗೆ ಒಪ್ಪಿಸಬೇಕು. ಅವರಲ್ಲಿ ಒಬ್ಬಳು ಒಪ್ಪಿಸಲು ಹಿಂದೇಟು ಹಾಕುತ್ತಾಳೆ.